ಹೆಡ್‌ಮಾಸ್ಟರ ಲ್ಯಾಪ್‌ಟಾಪಿನ ಫ್ಯಾನು

"ಅಕ್ಷರ ಸ್ವಲ್ಪ ದೊಡ್ಡದು ಮಾಡು. ಅಷ್ಟೇ. ಬೇರೆ ಯಾವುದಕ್ಕೂ ಕೈ ಹಾಕಬೇಡ."

ಶನಿವಾರ ಸಂಜೆ ಸಾಗರದಲ್ಲಿ ಅಳಿಯನ ಮನೆಯ ಮೆಟ್ಟಿಲ ಮೇಲೆ ನಿಂತು ಮುಕುಂದಯ್ಯನವರು ಹೇಳಿದ್ದು ಇಷ್ಟೇ. ತಮ್ಮ ಹಳೇ ಲ್ಯಾಪ್‌ಟಾಪನ್ನು ಅಳಿಯನ ಕೈಗಿತ್ತು, ನಾಳೆ ಸಂಜೆಯೊಳಗೆ ಅದು ತೀರ್ಥಹಳ್ಳಿಗೆ ತಲುಪಬೇಕು, ತಮಗೊಂದು ಮೀಟಿಂಗ್ ಇದೆ ಎಂದು ತಾಕೀತು ಮಾಡಿ, ಯಾರದೋ ಕಾರು ಹತ್ತಿ ಹೊರಟುಹೋದರು. ಪೂರ್ಣೇಶ ಅವರ ಮಾತಿನಷ್ಟೇ ಮಾಡಿದ್ದರೆ ಅವನ ಭಾನುವಾರ ಊಟ, ನಿದ್ದೆ, ಕಾಫಿಗಳಲ್ಲಿ ಸುಖವಾಗಿ ಕಳೆದುಹೋಗುತ್ತಿತ್ತು.

ಮುಕುಂದಯ್ಯನವರು ಅವನಿಗೆ ಬರೀ ಮಾವ ಆಗಿದ್ದರೆ ಅದೊಂದು ಮಾತು. ಅವರು ಅವನ ಹೆಡ್‌ಮಾಸ್ಟರೂ ಆಗಿದ್ದವರು. ಹೈಸ್ಕೂಲಿನಲ್ಲಿ ಅವರ ಬೆತ್ತ ಕಾರಿಡಾರಿನ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯಲ್ಲಿ ಪೂರ್ಣೇಶನ ಅಂಗೈ ತಾನಾಗಿ ಉರಿಯುತ್ತಿತ್ತು. ಅದೇ ಹೆಡ್‌ಮಾಸ್ಟರ ಮಗಳು ದೀಪಶ್ರೀಯನ್ನು ಮದುವೆಯಾಗುವ ಧೈರ್ಯ ಅವನಿಗೆ ಹೇಗೆ ಬಂತು ಎನ್ನುವುದು ಅವನಿಗೇ ಗೊತ್ತಿಲ್ಲ. ಧಾರೆಯ ಹೊತ್ತಿನಲ್ಲಿ ಮಾವ ಕೈ ಹಿಡಿದಾಗ ಅಭ್ಯಾಸಬಲದಿಂದ ಅಂಗೈ ಮೇಲೆ ಮಾಡಿ ಕಣ್ಣು ಮುಚ್ಚಿಕೊಂಡಿದ್ದನಂತೆ. ಮದುವೆಯಾಗಿ ಹತ್ತು ವರ್ಷ ಕಳೆದರೂ ಅವನ ಬಾಯಿಂದ 'ಮಾವ' ಅನ್ನುವ ಶಬ್ದ ಹೊರಟಿರಲಿಲ್ಲ. 'ಸಾರ್' ಎನ್ನುತ್ತಿದ್ದ.

ಇನ್ನೊಬ್ಬ ಅಳಿಯನಿದ್ದ, ರವೀಶ್. ದೀಪಶ್ರೀಯ ತಂಗಿಯ ಗಂಡ. ಈ ಲ್ಯಾಪ್‌ಟಾಪು ಮುದಿಯಾಗಿ ಉಸಿರು ಬಿಡುತ್ತಿದ್ದಾಗ ಅದರೊಳಗೆ ಲಿನಕ್ಸ್ ಅಂತ ಏನನ್ನೋ ತುಂಬಿ ಮತ್ತೆ ಎಬ್ಬಿಸಿ ಕೂರಿಸಿದವನು ಅವನೇ. "ರವೀಶನ ತಲೆ ಅಂದ್ರೆ ತಲೆ" ಎಂದು ಮುಕುಂದಯ್ಯನವರು ಹಬ್ಬದ ಊಟದ ಪಂಕ್ತಿಯಲ್ಲಿ ಹೇಳಿದ್ದರು. ಅದನ್ನು ಹೇಳುವಾಗ ಅವರ ಕಣ್ಣು ಮಾತ್ರ ಪೂರ್ಣೇಶನ ತಲೆಯ ಮೇಲಿತ್ತು. ಈಗ ರವೀಶ್ ಹುಬ್ಬಳ್ಳಿ ಕಡೆ ಯಾವುದೋ ಟ್ರೇನಿಂಗಿಗೆ ಹೋಗಿದ್ದರಿಂದ ಅಕ್ಷರ ದೊಡ್ಡದು ಮಾಡುವ ಕೆಲಸ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಎಣಿಸುವ ಪೂರ್ಣೇಶನ ಪಾಲಿಗೆ ಬಂದಿತ್ತು.

ಭಾನುವಾರ ಬೆಳಿಗ್ಗೆ ದೋಸೆ ತಿಂದು ಕೈ ತೊಳೆದು, ಇನ್ನೊಮ್ಮೆ ಸೋಪು ಹಾಕಿ ತೊಳೆದು, ಲ್ಯಾಪ್‌ಟಾಪು ತೆರೆದ. ಅಕ್ಷರ ದೊಡ್ಡದಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಅಷ್ಟರೊಳಗೆ ಅದರ ಹೊಟ್ಟೆಯಿಂದ ಒಂದು ಸದ್ದು ಹೊರಟಿತು. ಮೊದಲು ಗುಂಯ್, ಆಮೇಲೆ ಗೊರ್, ಕೊನೆಗೆ ಅಕ್ಕಿ ಗಿರಣಿ. ಒಳಗೆ ದೀಪಶ್ರೀ ಮಿಕ್ಸಿ ಹಾಕಿದ್ದಾಳೆಂದು ಅವನು, ಇವನು ಹಾಕಿದ್ದಾನೆಂದು ಅವಳು ಅಂದುಕೊಂಡರು.

"ಅಯ್ಯೋ, ಅದು ಅಪ್ಪನ ಲ್ಯಾಪ್‌ಟಾಪಿನ ಫ್ಯಾನು ಕಣ್ರೀ. ಯಾವಾಗ್ಲೂ ಹಂಗೇ. ಭಾನುವಾರ ಅವ್ರು ರೂಮಿನ ಬಾಗಿಲು ಹಾಕ್ಕೊಂಡು ಮೀಟಿಂಗ್ ಶುರು ಮಾಡಿದ್ರೆ ಅಮ್ಮನಿಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದೂ ಕೇಳೋದಿಲ್ಲಂತೆ. ನೀವು ಮುಚ್ಚಿಟ್ಟು ಬಿಡಿ" ಎಂದಳು ದೀಪಶ್ರೀ.

ಮುಚ್ಚಿಡಬೇಕಾಗಿತ್ತು. ಆದರೆ ಪೂರ್ಣೇಶನ ಮನಸ್ಸಿಗೆ ಆ ಹಬ್ಬದ ಪಂಕ್ತಿ ಬಂತು. ಈ ಸದ್ದನ್ನು ನಿಲ್ಲಿಸಿ, ಬೆಣ್ಣೆಯ ಹಾಗೆ ಮೌನವಾದ ಲ್ಯಾಪ್‌ಟಾಪನ್ನು ಮಾವನ ಕೈಗಿಟ್ಟರೆ? 'ಪೂರ್ಣೇಶನ ತಲೆ' ಎಂದು ಒಂದೇ ಒಂದು ಸಲ, ಪಲ್ಯ ಬಡಿಸುವವರಾದರೂ ಕೇಳುವಷ್ಟು ಗಟ್ಟಿಯಾಗಿ, ಅವರು ಹೇಳಿಬಿಟ್ಟರೆ?

ಮೊಬೈಲಿನಲ್ಲಿ ಹುಡುಕಿದ. ದಾರಿ ಇತ್ತು. ಲ್ಯಾಪ್‌ಟಾಪಿನ ಬಿಸಿ ಎಷ್ಟಿದೆ ನೋಡಿಕೊಂಡು ಅದಕ್ಕೆ ತಕ್ಕಂತೆ ಫ್ಯಾನು ತಿರುಗಿಸುವ ಒಂದು ಪ್ರೋಗ್ರಾಂ. ತಣ್ಣಗಿದ್ದರೆ ಫ್ಯಾನು ನಿಲ್ಲಬೇಕು, ಬಿಸಿಯಾದರೆ ಮೆಲ್ಲಗೆ ತಿರುಗಬೇಕು, ಕಾದರೆ ಮಾತ್ರ ಜೋರು. ಇದು ಅವನಿಗೆ ಚೆನ್ನಾಗಿ ಅರ್ಥವಾಯಿತು. ಜ್ವರ ನೂರು ದಾಟಿದರೆ ಮಾತ್ರ ಮಾತ್ರೆ ಕೊಡಿ ಎಂದು ಗಿರಾಕಿಗಳಿಗೆ ದಿನಾ ಹೇಳುವ ಮಾತೇ ತಾನೆ!

ಪ್ರೋಗ್ರಾಂ ಹಾಕಿದ. ಅದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಮಾತಾಡತೊಡಗಿತು. ಯಾವ ತಂತಿಗೆ ಯಾವ ಫ್ಯಾನು ಎಂದು ಪತ್ತೆ ಮಾಡಲು ತಾನೀಗ ಒಂದೊಂದನ್ನೇ ಪೂರ್ತಿ ನಿಲ್ಲಿಸಿ ನೋಡುತ್ತೇನೆ, ಇದರಿಂದ ಯಂತ್ರ ಕಾದು ಹಾಳಾಗಬಹುದು, ಹಾಳಾದರೆ ತಾನು ಜವಾಬ್ದಾರನಲ್ಲ ಎಂಬರ್ಥದ ಇಂಗ್ಲಿಷು. ಪೂರ್ಣೇಶನ ಬೆರಳು ಬಟನ್ನಿನ ಮೇಲೇ ನಿಂತಿತು. ಬೆತ್ತ ಕಣ್ಣೆದುರು ಬಂತು.

"ಎಂತ ಮಾರಾಯ, ಮನೆಯಲ್ಲಿ ಗಿರಣಿ ಇಟ್ಟಿದ್ದಾ?" ಎನ್ನುತ್ತ ಪಕ್ಕದ ಮನೆ ಜಟ್ಟಪ್ಪ ಒಳಗೆ ಬಂದಿದ್ದು ಆಗಲೇ. ಜಟ್ಟಪ್ಪ ಲಿಂಗನಮಕ್ಕಿ ಪವರ್‌ಹೌಸಿನಲ್ಲಿ ಟರ್ಬೈನು ನೋಡಿಕೊಂಡು ರಿಟೈರ್ ಆದ ಮನುಷ್ಯ. ತಿರುಗುವ ವಸ್ತು ಯಾವುದೇ ಇರಲಿ, ಗಡಿಯಾರದ ಮುಳ್ಳಿನಿಂದ ಹಿಡಿದು ಭೂಮಿಯವರೆಗೆ, ಅದರ ವಿಷಯ ತನಗೆ ಗೊತ್ತು ಎಂದು ನಂಬಿದ್ದವನು.

"ಸದ್ದು ನಿಲ್ಲಿಸ್ತಾ ಇದೀನಿ ಜಟ್ಟಪ್ಪಣ್ಣ. ಆದ್ರೆ ಹೆದರಿಕೆ ಆಗ್ತಿದೆ."

"ಹೆದರಿಕೆಯಾ? ನಾನು ಅಷ್ಟು ದೊಡ್ಡ ಟರ್ಬೈನನ್ನೇ ಒಂದು ಬಟನ್ನಲ್ಲಿ ನಿಲ್ಲಿಸಿದವ. ಒತ್ತು!" ಎಂದ ಜಟ್ಟಪ್ಪ. ಪೂರ್ಣೇಶ ಎಚ್ಚರಿಕೆಯನ್ನು ಇನ್ನೊಮ್ಮೆ ಓದುತ್ತಿದ್ದಾಗ ಅವನ ಭುಜದ ಮೇಲಿಂದ ಕೈ ಚಾಚಿ ತಾನೇ ಒತ್ತಿಬಿಟ್ಟ.

ಪ್ರೋಗ್ರಾಂ ಮೊದಲನೇ ತಂತಿಯನ್ನು ಪರೀಕ್ಷಿಸಿತು. ಫ್ಯಾನು ತನ್ನ ಪಾಡಿಗೆ ಗೊರ್ರೆನ್ನುತ್ತಲೇ ಇತ್ತು. ಯಾಕೆಂದರೆ ಆ ತಂತಿಗೆ ಫ್ಯಾನೇ ಇರಲಿಲ್ಲ. ಪ್ರೋಗ್ರಾಮಿಗೂ ಸಂಶಯ ಬಂದು, 'ಈಗ ಯಾವುದಾದರೂ ಫ್ಯಾನು ನಿಂತದ್ದು ನಿಮ್ಮ ಕಣ್ಣಿಗೆ ಬಿತ್ತೇ, ಕಿವಿಗೆ ಬಿತ್ತೇ?' ಎಂದು ಕೇಳಿತು.

ಸರಿಯಾಗಿ ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು. ಮಾರ್ಚ್ ತಿಂಗಳ ಸೆಕೆಯಲ್ಲಿ ಅವರ ನೆತ್ತಿಯ ಮೇಲೆ ತಿರುಗುತ್ತಿದ್ದ ಸೀಲಿಂಗ್ ಫ್ಯಾನು ನಿಧಾನವಾಗಿ ಉಸಿರು ಬಿಟ್ಟು ನಿಂತಿತು.

"ನಿಂತು! ನೋಡು, ನಿಂತು! ಹೌದು ಅಂತ ಒತ್ತು!" ಎಂದು ಜಟ್ಟಪ್ಪ ಕೂಗಿದ.

ಗಾಬರಿಯಲ್ಲಿದ್ದ ಪೂರ್ಣೇಶ ಯಾವ ಫ್ಯಾನು ಎಂದು ವಿಚಾರ ಮಾಡದೆ ಹೌದು ಎಂದು ಒತ್ತಿದ. ಮುಂದಿನ ಪ್ರಶ್ನೆಗಳಿಗೂ ಅದೇ ವೇಗದಲ್ಲಿ ಹೌದು ಹೌದು ಎಂದ. ಹೀಗೆ ಇಲ್ಲದ ಫ್ಯಾನಿಗೆ ಯಜಮಾನಿಕೆ ಕೊಟ್ಟು, ಇರುವ ಫ್ಯಾನನ್ನು ಅನಾಥ ಮಾಡಿದ್ದಾಯಿತು. ಹೇಳುವವರು ಕೇಳುವವರು ಇಲ್ಲದ ಆ ಫ್ಯಾನು, ಹಗ್ಗ ಬಿಚ್ಚಿದ ಹೋರಿಯ ಹಾಗೆ ಇದ್ದ ಶಕ್ತಿಯನ್ನೆಲ್ಲ ಹಾಕಿ ತಿರುಗತೊಡಗಿತು. ಮೊದಲಿನ ಸದ್ದು ಅದರ ಮುಂದೆ ಜೋಗುಳ.

ಜಟ್ಟಪ್ಪ ಒಂದು ಕ್ಷಣ ತಲೆ ಓರೆ ಮಾಡಿ ಕೇಳಿದ. "ಬೇರಿಂಗ್ ಹೋಗಿದೆ" ಎಂದು ತೀರ್ಪು ಕೊಟ್ಟು, ಮನೆಯಲ್ಲಿ ಗ್ಯಾಸ್ ಮೇಲೆ ಹಾಲಿಟ್ಟಿದ್ದು ನೆನಪಾಗಿ ಹೊರಟೇಹೋದ.

"ರೀ, ಬಸ್ಸಿಗೆ ಹೊತ್ತಾಯ್ತು! ಇದು ತಪ್ಪಿದ್ರೆ ಸಂಜೆಯೊಳಗೆ ತೀರ್ಥಹಳ್ಳಿ ಮುಟ್ಟೋದಿಲ್ಲ!" ಎಂದು ದೀಪಶ್ರೀ ಒಳಗಿನಿಂದ ಕೂಗಿದಳು.

ಪೂರ್ಣೇಶ ಮುಚ್ಚಳ ಮುಚ್ಚಿದ. ಮುಚ್ಚಿದರೆ ಮಲಗುತ್ತದೆ ಎಂದುಕೊಂಡ. ಬ್ಯಾಗಿಗೆ ತುರುಕಿ, ಬಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಅದು ಮಲಗಿರಲಿಲ್ಲ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಅದು ಅವನಿಗೆ ತಿಳಿಯಲಿಲ್ಲ, ಬಸ್ಸು ಹೊರಟಾಗ ಎಂಜಿನ್ನಿನ ಸದ್ದಿನಲ್ಲೂ ತಿಳಿಯಲಿಲ್ಲ. ತೊಡೆಯ ಮೇಲೆ ಬ್ಯಾಗು ಬೆಚ್ಚಗಾದಾಗ ಬಿಸಿಲು ಎಂದುಕೊಂಡ. ಆನಂದಪುರದಲ್ಲಿ ಜನ ಹತ್ತಲೆಂದು ಬಸ್ಸು ನಿಂತು, ಡ್ರೈವರ್ ಎಂಜಿನ್ ಆರಿಸಿ ಟೀ ಕುಡಿಯಲು ಇಳಿದಾಗ ಮಾತ್ರ ಬಸ್ಸಿನೊಳಗೆ ಒಂದು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಪೂರ್ಣೇಶನ ತೊಡೆಯ ಮೇಲಿಂದ ಹೊರಟಿತು: ಗುಂಯ್ಯ್ಯ್...

ಪಕ್ಕದಲ್ಲಿ ಕೂತಿದ್ದ ಮುದುಕಿ ಮೆಲ್ಲಗೆ ಅವನ ಬ್ಯಾಗಿನ ಕಡೆ ತಿರುಗಿದಳು. ಹೆಸರು ಮೀನಾಕ್ಷಮ್ಮ, ಹೊಸನಗರದ ಮಗಳ ಮನೆಗೆ ಹೊರಟವಳು. ಕೈಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ. "ತಮ್ಮಾ, ಅದರೊಳಗೆ ಎಂತದು?"

"ಏನಿಲ್ಲ ಅಮ್ಮ. ಮೆಷಿನ್ನು."

"ಮೆಷಿನ್ನು ಹಂಗೆ ಗುಂಯ್ ಅಂತದಾ?" ಎಂದು ಮೀನಾಕ್ಷಮ್ಮ ಬ್ಯಾಗಿನ ಮೇಲೆ ಅಂಗೈಯಿಟ್ಟಳು. ಬಿಸಿ. ನಡುಕ. ಅವಳು ಕೈ ಎಳೆದುಕೊಂಡ ವೇಗಕ್ಕೆ ಬಳೆಯೊಂದು ಹಾರಿಹೋಯಿತು. "ಜೇನು! ಇವನು ಬ್ಯಾಗಲ್ಲಿ ಜೇನು ತಗೊಂಡು ಹೊರಟಿದ್ದಾನೆ!"

ಮಲೆನಾಡಿನ ಬಸ್ಸಿನಲ್ಲಿ ಜೇನು ಎಂಬ ಶಬ್ದವನ್ನು ಹಾಗೆಲ್ಲ ಕೂಗಬಾರದು. ಒಬ್ಬ ಕಿಟಕಿಯಿಂದ ಕಾಲು ಹೊರಗೆ ಹಾಕಿದ. ಒಬ್ಬಳು ಮಗುವಿನ ಮುಖಕ್ಕೆ ಸೆರಗು ಹೊದಿಸಿದಳು. "ಜೇನಲ್ಲ, ಹಾವು! ಹಾವು ಹಿಡಿಯೋರು ಹಿಂಗೇ ಬ್ಯಾಗಲ್ಲಿ ಹಾಕ್ಕೊಂಡು ಕಾಡಿಗೆ ಬಿಡೋಕೆ ಹೋಗ್ತಾರೆ. ಕಾಳಿಂಗ ಆದ್ರೆ ಬುಸುಗುಟ್ಟೋದು ಥೇಟ್ ಇದೇ ಥರ" ಎಂದು ಹಿಂದಿನ ಸೀಟಿನವನೊಬ್ಬ ಅನುಭವದಿಂದ ಹೇಳಿದ. ಕಿಟಕಿಯಿಂದ ಎರಡನೇ ಕಾಲೂ ಹೊರಗೆ ಹೋಯಿತು.

ಕಂಡಕ್ಟರ್ ಸುರೇಂದ್ರ ಸೀಟಿಯನ್ನು ಬಾಯಲ್ಲೇ ಕಚ್ಚಿಕೊಂಡು ಓಡಿಬಂದ. "ಸಾರ್, ಬ್ಯಾಗ್ ತೆಗೀರಿ. ಮೆಲ್ಲಗೆ ತೆಗೀರಿ. ನಾನು ಆಚೆ ಹೋದ್ಮೇಲೆ ತೆಗೀರಿ."

ಪೂರ್ಣೇಶ ಬೆವರುತ್ತ ಜಿಪ್ ಎಳೆದ. ಬಸ್ಸಿಗೆ ಬಸ್ಸೇ ಹಿಂದೆ ಸರಿಯಿತು. ಒಳಗಿಂದ ಲ್ಯಾಪ್‌ಟಾಪು ಹೊರಬಂದಾಗ ಕೆಲವರಿಗೆ ನಿರಾಸೆಯೇ ಆಯಿತು. ಅದರ ಮೈ ಮುಟ್ಟಿದ ಪೂರ್ಣೇಶ ಮಾತ್ರ ಹೌಹಾರಿದ. ದೋಸೆ ಕಾವಲಿ! ಗಾಳಿಯಾಡದ ಬ್ಯಾಗಿನಲ್ಲಿ ಫ್ಯಾನು ತನ್ನ ಬಿಸಿಗಾಳಿಯನ್ನೇ ತಾನು ನುಂಗಿ ನುಂಗಿ ಕಾದು ಹೋಗಿತ್ತು.

"ಮೊಬೈಲು ಹಿಂಗೇ ಬಿಸಿಯಾಗಿ ಢಬ್ ಅಂದಿದ್ದು ನಾನು ವಿಡಿಯೋದಲ್ಲಿ ನೋಡಿದ್ದೆ" ಎಂದ ಹಾವಿನ ಅನುಭವಸ್ಥ. "ಇದು ಮೊಬೈಲಿಗಿಂತ ದೊಡ್ಡದು."

"ಸಾರ್, ಇಳಿದುಬಿಡಿ" ಎಂದ ಸುರೇಂದ್ರ.

"ಇಳಿಸ್ಬೇಡಿ ಮಾರಾಯ್ರೇ! ಇದು ಸಂಜೆಯೊಳಗೆ ತೀರ್ಥಹಳ್ಳಿಗೆ ಮುಟ್ಟಬೇಕು. ನಮ್ಮ ಹೆಡ್‌ಮಾಸ್ಟರದ್ದು!" ಎಂದು ಪೂರ್ಣೇಶ ಅಳುವ ದನಿಯಲ್ಲಿ ಅಂದ. ನಲವತ್ತರ ಹತ್ತಿರದ ಗಂಡಸು ಹೆಡ್‌ಮಾಸ್ಟರಿಗೆ ಹೆದರುವುದನ್ನು ಕಂಡು ಬಸ್ಸಿನವರಿಗೆ ಕನಿಕರ ಬಂತೋ ಏನೋ, ಯಾರೂ ನಗಲಿಲ್ಲ. ಎಲ್ಲರಿಗೂ ಒಬ್ಬೊಬ್ಬ ಹೆಡ್‌ಮಾಸ್ಟರು ಇದ್ದೇ ಇದ್ದರು.

ಅದೇ ಹೊತ್ತಿಗೆ ಅವನ ಮೊಬೈಲು ಹೊಡೆದುಕೊಂಡಿತು. ಪರದೆಯ ಮೇಲೆ 'ಸಾರ್'. ಪೂರ್ಣೇಶ ಥಟ್ಟನೆ ಎದ್ದು ನಿಂತ. ಮೇಲಿನ ಸಾಮಾನಿನ ಕಂಬಿಗೆ ತಲೆ ಠಣ್ ಎಂದಿತು.

"ಎಲ್ಲಿದ್ದೀಯಾ?"

"ಆ... ಆನಂದಪುರ ಸಾರ್."

"ಅಕ್ಷರ ಆಯ್ತಾ?"

"ಆಯ್ತು ಸಾರ್."

"ಬೇರೆ ಯಾವುದಕ್ಕೂ ಕೈ ಹಾಕಿಲ್ಲ ತಾನೆ?"

ಪೂರ್ಣೇಶನ ಗಂಟಲಿನಿಂದ ಹೊರಟ ಸದ್ದು ಹೌದೋ ಅಲ್ಲವೋ ದೇವರಿಗೇ ಗೊತ್ತು. ಆ ಕಡೆಯಿಂದ ಫೋನು ಕಟ್ಟಾಯಿತು. ಅವನು ಕುಸಿದು ಕೂತು, ಸದ್ದು ನಿಲ್ಲಿಸಲು ಹೊರಟ. ಫ್ಯಾನಿನ ವೇಗ ಎಷ್ಟಿರಬೇಕು ಎಂದು ಬರೆಯುವ ಕಡೆ ಏನು ಹಾಕಬೇಕೆಂದು ತೋಚದೆ ಎಲ್ಲ ತಂತಿಗಳಿಗೂ ಸೊನ್ನೆ ಹಾಕಿದ.

ಸದ್ದು ಪಕ್ಕನೆ ನಿಂತಿತು.

"ಹಾಂ!" ಎಂದು ಬಸ್ಸೆಲ್ಲ ಉಸಿರು ಬಿಟ್ಟಿತು. ಡ್ರೈವರ್ ಬಂದ, ಬಸ್ಸು ಹೊರಟಿತು. ಆದರೆ ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಇತ್ತು, ಮತ್ತು ಮಾವನಿಗೆಂದು ಮಾಡಿದ ದೊಡ್ಡ ಅಕ್ಷರದಿಂದಾಗಿ ಅದು ಹಿಂದಿನ ಸೀಟಿಗೂ ಕಾಣುತ್ತಿತ್ತು. ಫ್ಯಾನು ನಿಂತಮೇಲೆ ಬಿಸಿ ಸುಮ್ಮನಿರುತ್ತದೆಯೇ?

"ಎಪ್ಪತ್ತೆರಡು" ಎಂದ ಹಿಂದಿನವನು.

"ಎಪ್ಪತ್ತೆಂಟು!" ಎಂದ ಇನ್ನೊಬ್ಬ.

"ಎಂಬತ್ತಮೂರು! ಬ್ಯಾಟಿಂಗ್ ಜೋರಿದೆ!"

ಪೂರ್ಣೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೆಡಿಕಲ್ ಶಾಪಿನಲ್ಲಿ ನೂರಾ ನಾಲ್ಕು ಡಿಗ್ರಿ ಜ್ವರ ಎಂದರೇ ಅವನು ಆಸ್ಪತ್ರೆಗೆ ಓಡಿಸುತ್ತಿದ್ದ. ಇದು ಸೆಂಟಿಗ್ರೇಡು. ಈ ಲೆಕ್ಕದಲ್ಲಿ ಮನುಷ್ಯನಾಗಿದ್ದರೆ ಇಷ್ಟರಲ್ಲಿ ಬೆಂದು ಸಾರಾಗುತ್ತಿದ್ದ. ಸೊನ್ನೆ ತೆಗೆಯಲು ಹೋದರೆ ಬಿಸಿಗೆ ಲ್ಯಾಪ್‌ಟಾಪು ಮಂಕಾಗಿ, ಒತ್ತಿದ ಅಕ್ಷರ ಎಷ್ಟೋ ಹೊತ್ತಿಗೆ ಮೂಡುತ್ತಿತ್ತು.

"ಕೊಡು ಇಲ್ಲಿ" ಎಂದು ಮೀನಾಕ್ಷಮ್ಮ ಹಾಳೆಯ ಬೀಸಣಿಗೆಯಿಂದ ಲ್ಯಾಪ್‌ಟಾಪಿಗೆ ಗಾಳಿ ಹಾಕತೊಡಗಿದಳು. ಜ್ವರ ಬಂದ ಮೊಮ್ಮಗುವಿಗೆ ಹಾಕುವ ಹಾಗೆ, ಮೆಲ್ಲಗೆ, ಬಿಡದೆ. ಅವಳ ಕೈ ಸೋತಾಗ ಎದುರು ಸೀಟಿನವರು ತಗೊಂಡರು. ಅವರಿಂದ ಸುರೇಂದ್ರ. ಟಿಕೆಟ್ ಕೊಡುವುದನ್ನು ಬಿಟ್ಟು ಅವನು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಬೀಸಣಿಗೆ ಹಿಡಿದು ದೇವರಿಗೆ ಚಾಮರ ಹಾಕುವವನಂತೆ ನಿಂತ. ಅಂಕಿ ಎಂಬತ್ತಕ್ಕೆ ಇಳಿಯಿತು, ಎಪ್ಪತ್ತೈದಕ್ಕೆ ಇಳಿಯಿತು. ಲ್ಯಾಪ್‌ಟಾಪು ಚೇತರಿಸಿಕೊಂಡು ಮಾತು ಕೇಳುವ ಹಾಗಾಯಿತು.

ಪೂರ್ಣೇಶ ಸೊನ್ನೆ ಅಳಿಸಿದ, ಫ್ಯಾನು ಮತ್ತೆ ಗುಂಯ್ ಎಂದಿತು, ಪ್ರೋಗ್ರಾಮನ್ನು ಮೊದಲಿನಿಂದ ಶುರು ಮಾಡಿದ. ಮತ್ತೆ ಅದೇ ಎಚ್ಚರಿಕೆ, ಮತ್ತೆ ಅದೇ ಪರೀಕ್ಷೆ. "ಈಗ ಫ್ಯಾನು ನಿಲ್ಲುತ್ತೋ ಇಲ್ವೋ ಕೇಳಿಸ್ಕೋಬೇಕು. ಬಸ್ಸಿನ ಸದ್ದಲ್ಲಿ ಏನೂ ಗೊತ್ತಾಗಲ್ಲ" ಎಂದ ಸುರೇಂದ್ರನಿಗೆ.

ಸುರೇಂದ್ರ ಸೀಟಿ ಊದಿದ. "ಅಣ್ಣಾ, ಸ್ವಲ್ಪ ಎಂಜಿನ್ ಆರಿಸು!"

ಹೊಸನಗರದ ದಾರಿಯಲ್ಲಿ, ಎರಡೂ ಕಡೆ ಕಾಡಿರುವ ತಿರುವಿನಲ್ಲಿ ಬಸ್ಸು ನಿಂತಿತು. ಎಂಜಿನ್ ಆರಿತು. ತುಂಬಿದ ಬಸ್ಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಎಲ್ಲರ ಕಿವಿ ಲ್ಯಾಪ್‌ಟಾಪಿನ ಕಡೆ. ಮೊದಲನೇ ತಂತಿಗೆ ಸದ್ದು ಬದಲಾಗಲಿಲ್ಲ. 'ನಿಂತಿತೇ?' ಎಂದು ಪ್ರೋಗ್ರಾಂ ಕೇಳಿತು. ಪೂರ್ಣೇಶ ಬಸ್ಸಿನ ಮುಖ ನೋಡಿದ. "ಇಲ್ಲ!" ಎಂದಿತು ಬಸ್ಸು. ಎರಡನೆಯದಕ್ಕೆ ಗುಂಯ್ ಎನ್ನುವುದು ಮೆಲ್ಲಗೆ ಇಳಿದು, ಇಳಿದು, ಇಲ್ಲವಾಯಿತು. ಹೊರಗೆ ಯಾವುದೋ ಹಕ್ಕಿ ಕೂಗಿದ್ದು ಕೇಳಿಸಿತು.

"ನಿಂತು!" ಎಂದು ಬಸ್ಸಿಗೆ ಬಸ್ಸೇ ಕೂಗಿತು.

ಈ ಸಲ ಪೂರ್ಣೇಶ ಒಂದೊಂದೇ ಪ್ರಶ್ನೆ ಓದಿ ಓದಿ ಉತ್ತರ ಕೊಟ್ಟ. ಅರವತ್ತು ಡಿಗ್ರಿಯವರೆಗೆ ಫ್ಯಾನು ಸುಮ್ಮನಿರಲಿ. ಅಲ್ಲಿಂದಾಚೆ ನಿಧಾನವಾಗಿ ತಿರುಗಲಿ. ಎಂಬತ್ತಕ್ಕೆ ಹೋದರೆ ಮಾತ್ರ ಪೂರ್ತಿ. ಬಸ್ಸು ಹೊಸನಗರ ಮುಟ್ಟುವಾಗ ಅಂಕಿ ಐವತ್ತೈದರಲ್ಲಿತ್ತು, ಲ್ಯಾಪ್‌ಟಾಪು ಉಂಡು ಮಲಗಿದ ಬೆಕ್ಕಿನಷ್ಟು ಮೌನವಾಗಿತ್ತು. ಮೀನಾಕ್ಷಮ್ಮ ಇಳಿಯುವಾಗ ಅದರ ಬೆನ್ನು ಸವರಿ ದೃಷ್ಟಿ ತೆಗೆದಳು. "ಇನ್ನು ಹೆದರ್ಬೇಡ ತಮ್ಮಾ. ನಿಮ್ಮ ಮೇಷ್ಟ್ರು ಖುಷಿ ಪಡ್ತಾರೆ."

ತೀರ್ಥಹಳ್ಳಿಯ ಪೇಟೆ ಬೀದಿಯ ಮನೆ. ಮುಕುಂದಯ್ಯನವರು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ಲ್ಯಾಪ್‌ಟಾಪು ಕಸಿದುಕೊಂಡಂತೆ ತೆಗೆದುಕೊಂಡು, "ಹೊತ್ತಾಯ್ತು" ಎಂದು ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಇಯರ್‌ಫೋನಿನ ತಂತಿಯನ್ನು ಕಿವಿಗೆ ಸಿಕ್ಕಿಸುತ್ತಿದ್ದುದು ಬಾಗಿಲ ಸಂದಿಯಲ್ಲಿ ಪೂರ್ಣೇಶನಿಗೆ ಕಂಡಿತು.

ಅವನು ನಡುಮನೆಯ ಬೆಂಚಿನ ತುದಿಯಲ್ಲಿ ಕೂತ. ಕಿವಿ ನೆಟ್ಟಗಿತ್ತು. ಸದ್ದಿಲ್ಲ. ಏನೂ ಸದ್ದಿಲ್ಲ! ಇನ್ನೇನು ಮಾವ ಬಾಗಿಲು ತೆಗೆದು ಆಶ್ಚರ್ಯದಿಂದ ಕರೆಯುತ್ತಾರೆ.

ಅತ್ತೆ ವರದಮ್ಮ ಅಡುಗೆಮನೆಯಿಂದ ಬಂದು ನಿಂತಳು. "ಎಂತ ಪೂರ್ಣೇಶ, ಇವತ್ತು ಸದ್ದೇ ಇಲ್ಲ?"

"ನಿಲ್ಲಿಸ್ದೆ ಅತ್ತೆ" ಎಂದ ಪೂರ್ಣೇಶ ವಿನಯದಿಂದ.

ಆಗ ರೂಮಿನ ಒಳಗಿಂದ ಒಂದು ನರಳಾಟ ಕೇಳಿಸಿತು.

"ಆಂ... ಆಆಆ..."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮತ್ತೆ ಬಂತು. ಈ ಸಲ ಇನ್ನೂ ಉದ್ದ, ಮಧ್ಯದಲ್ಲಿ ಒಡೆದು, ಕೆಸರಲ್ಲಿ ಹೂತ ಎಮ್ಮೆಕರುವಿನ ಹಾಗೆ. ವರದಮ್ಮನ ಕೈಯಲ್ಲಿದ್ದ ಸೌಟು ಬಿತ್ತು. "ಅಯ್ಯೋ, ಇವ್ರಿಗೆ ಎಂತ ಆಯ್ತು! ರೀ! ರೀ!" ಎಂದು ಬಾಗಿಲು ಬಡಿದಳು. ಒಳಗಿಂದ ಉತ್ತರವಿಲ್ಲ, ನರಳಾಟ ಮಾತ್ರ ನಿಲ್ಲಲಿಲ್ಲ.

ಪೂರ್ಣೇಶ ಬಾಗಿಲಿಗೆ ಧಾವಿಸಿದ. ಲ್ಯಾಪ್‌ಟಾಪು! ಕಾದು ಢಬ್ ಅಂದಿತೇ? ಶಾಕ್ ಹೊಡೆಯಿತೇ? ಮಾವನನ್ನು ಕೊಂದ ಅಳಿಯ ಎಂದು ಊರೆಲ್ಲ ಆಡಿಕೊಳ್ಳುವುದು ಅವನ ಕಿವಿಗೆ ಆಗಲೇ ಕೇಳಿಸತೊಡಗಿತು. "ಸಾರ್! ಸಾರ್! ಕೈ ಬಿಡಿ ಸಾರ್, ಅದರಿಂದ ಕೈ ಬಿಡಿ!" ಎಂದು ಅವನೂ ಬಡಿದ.

ಪಕ್ಕದ ಮನೆ ಸೀತಾರಾಮಪ್ಪ ಲುಂಗಿ ಮಡಚಿ ಕಟ್ಟಿಕೊಂಡು ಓಡಿಬಂದರು. "ನಮ್ಮನೆಗೆ ಕೇಳಿಸ್ತು. ಹಾರ್ಟು! ನನ್ನ ಭಾವನೂ ಥೇಟ್ ಹಿಂಗೇ ನರಳಿದ್ದ. ಆಟೋ ಕರೀರಿ ಯಾರಾದ್ರೂ! ಪೂರ್ಣೇಶ, ಬಾಗಿಲು ಒಡಿ!" ಎಂದರು. ಅವರ ಹಿಂದೆ ಎದುರು ಅಂಗಡಿಯವರು, ಅವರ ಹಿಂದೆ ಅಂಗಡಿಗೆ ಬಂದವರು. ಒಬ್ಬರು ನೀರು ತಂದರು, ಒಬ್ಬರು ಈರುಳ್ಳಿ ತಂದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಪೂರ್ಣೇಶ ದೇವರನ್ನು ನೆನೆದು ಭುಜ ಕೊಟ್ಟ. ಚಿಲಕ ಕಿತ್ತು, ಬಾಗಿಲು ತೆರೆದು, ಅವನು ತೆರೆದ ರಭಸಕ್ಕೆ ನೆಲದ ಮೇಲೆ ಉದ್ದುದ್ದ ಬಿದ್ದ. ಬೀಳುವಾಗ ಕೈಗೆ ಸಿಕ್ಕಿದ ತಂತಿ ಹಿಡಿದುಕೊಂಡ. ಇಯರ್‌ಫೋನು ಕಿತ್ತು ಬಂತು.

ರೂಮಿನಲ್ಲಿ ಮುಕುಂದಯ್ಯನವರು ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ, ಹೆಗಲ ಮೇಲೆ ಶಾಲು ಹೊದ್ದು, ಕಣ್ಣು ಮುಚ್ಚಿ, ಒಂದು ಕೈಯಲ್ಲಿ ತೊಡೆ ತಟ್ಟುತ್ತ, ಇನ್ನೊಂದು ಕೈಯನ್ನು ಗಾಳಿಯಲ್ಲಿ ತೇಲಿಸುತ್ತ ಕೂತಿದ್ದರು. ಪರದೆಯ ಮೇಲೆ ತಂಬೂರಿ ಹಿಡಿದ ಒಬ್ಬ ಹುಡುಗಿ, ಅವಳ ಸುತ್ತ ಚೌಕ ಚೌಕಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು. ತಂತಿ ಕಿತ್ತುಹೋದದ್ದರಿಂದ ಆ ಹುಡುಗಿಯ ಸ್ವರ ಮನೆ ತುಂಬಿತು:

"ಪರವಾಗಿಲ್ಲ ಮುಕುಂದ ಅವ್ರೇ, ರಂಜನಾ ಮಿಸ್ ಇದ್ದೇನೆ, ನಾಚಿಕೆ ಬೇಡ! ಬಾಯಿ ದೊಡ್ಡದಾಗಿ ತೆಗೀರಿ. ಎಲ್ಲರೂ ಒಟ್ಟಿಗೆ, ಸಾ... ಪಾ... ಸಾ... ಮಕ್ಕಳೇ, ಅಜ್ಜನ್ನ ನೋಡಿ ನಗಬಾರದು."

ಮುಕುಂದಯ್ಯನವರು ಕಣ್ಣು ತೆರೆದರು. ಬಾಗಿಲ ತುಂಬ ಮುಖಗಳು. ನೀರು. ಈರುಳ್ಳಿ. ನೆಲದ ಮೇಲೆ ಅಳಿಯ. ಆ ಊರಿನ ಅರ್ಧ ಜನ ಅವರ ಬೆತ್ತದ ರುಚಿ ಕಂಡವರು. ಅವರ ಮುಂದೆ ಹೆಡ್‌ಮಾಸ್ಟರು 'ಸಾ' ಹೇಳಿ ಸಿಕ್ಕಿಬಿದ್ದಿದ್ದರು. ಸೀತಾರಾಮಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು, "ಸುಮ್ನೆ... ಆರೋಗ್ಯ ವಿಚಾರಿಸೋಕೆ..." ಎಂದು ಹಿಂದೆ ಸರಿದರು. ಜನ ಕರಗಿತು. ಬೀದಿಗೆ ಇಳಿದದ್ದೇ ತಡೆಯಲಾಗದ ನಗು.

"ಎಲ್ಲರೂ ಆಚೆ ಹೋಗಿ" ಎಂದರು ಮುಕುಂದಯ್ಯನವರು. "ಪೂರ್ಣೇಶ ಇರಲಿ."

ಅವನು ಎದ್ದು ನಿಂತು, ತನಗರಿವಿಲ್ಲದೆ ಬಲಗೈ ಮುಂದೆ ಚಾಚಿದ.

"ಕೈ ಕೆಳಗಿಳಿಸು. ಆ ಫ್ಯಾನಿನ ಸದ್ದು ಎಲ್ಲಿ?"

"ನಿ... ನಿಲ್ಲಿಸಿದೆ ಸಾರ್. ಬಿಸಿಗೆ ತಕ್ಕಂತೆ..."

"ನಿಲ್ಲಿಸು ಅಂತ ನಾನು ಹೇಳಿದ್ನಾ?" ಅವರ ಸ್ವರ ಏರಿತು, ಆಮೇಲೆ ಅಡುಗೆಮನೆಯ ಕಡೆ ನೋಡಿ ತಾನಾಗಿ ಇಳಿಯಿತು. "ನೋಡು, ಆರು ತಿಂಗಳಾಯ್ತು ಕಲಿಯೋಕೆ ಶುರು ಮಾಡಿ. ಚಿಕ್ಕವನಿದ್ದಾಗಿನ ಆಸೆ. ಈ ವಯಸ್ಸಲ್ಲಿ, ಈ ಗಂಟಲಲ್ಲಿ, ಎಲ್ಲರ ಎದುರು ಹಾಡೋಕಾಗ್ತದಾ? ಆ ಫ್ಯಾನು ಗೊರ್ ಅಂತಿದ್ರೆ ಅದರ ಮರೆಯಲ್ಲಿ ನಾನೂ ನನ್ನ ಪಾಡಿಗೆ ಹಾಡ್ಕೊಳ್ತಿದ್ದೆ. ಕಿವಿಗೆ ಇದನ್ನ ಹಾಕ್ಕೊಂಡ್ರೆ ಅದು ನಿಂತಿದ್ದು ನನಗೆ ಹೆಂಗೆ ತಿಳೀಬೇಕು?" ಹೆಡ್‌ಮಾಸ್ಟರ ಕಿವಿಯ ತುದಿ ಕೆಂಪಾಗಿದ್ದನ್ನು ಪೂರ್ಣೇಶ ಜೀವಮಾನದಲ್ಲಿ ಮೊದಲ ಸಲ ನೋಡಿದ. "ಮೊದಲಿನ ಸದ್ದು ವಾಪಸ್ ಬರಬೇಕು. ಇನ್ನೂ ಸ್ವಲ್ಪ ಜಾಸ್ತಿಯಾದ್ರೂ ಅಡ್ಡಿಲ್ಲ. ಅದಾಗೋವರೆಗೆ ನೀನು ಸಾಗರಕ್ಕೆ ಹೋಗೋ ಹಾಗಿಲ್ಲ. ನಾಳೆ ಅಂಗಡಿಗೆ ರಜಾ ಹೇಳು."

"ಆಗ್ಲಿ ಸಾರ್."

ಬದುಕಿದೆ ಎಂದುಕೊಂಡು ಹೊರ ಬಂದವನನ್ನು ವರದಮ್ಮ ಅಡುಗೆಮನೆಗೆ ಕರೆದು ಮಣೆ ಹಾಕಿ ಕೂರಿಸಿದಳು. ಲೋಟದ ತುಂಬ ಕಾಫಿ, ತಟ್ಟೆಯಲ್ಲಿ ಕೋಡುಬಳೆ. ಅವಳ ಕಣ್ಣು ಒದ್ದೆಯಾಗಿತ್ತು.

"ಪೂರ್ಣೇಶ, ನೀನು ಇವತ್ತು ಎಂತ ಉಪಕಾರ ಮಾಡಿದೆ ಗೊತ್ತುಂಟಾ? ನಾನು ಈ ಮನೆಗೆ ಬಂದಾಗಿನಿಂದ ಅವರ ಗಂಟಲಲ್ಲಿ ಬೈಗುಳ ಬಿಟ್ರೆ ಬೇರೆ ಕೇಳಿಲ್ಲ. ಮೀಟಿಂಗ್ ಮೀಟಿಂಗ್ ಅಂತ ಬಾಗಿಲು ಹಾಕ್ಕೊಂಡು ಹಾಡ್ತಿದ್ರಂತೆ! ಎಮ್ಮೆ ಹಂಗೆ ಕೂಗಿದ್ರೂ ಹಾಡೇ ಅಲ್ವಾ? ಇನ್ನು ಮೇಲೆ ಪ್ರತಿ ಭಾನುವಾರ ನಾನು ಬಾಗಿಲ ಹೊರಗೆ ಕೂತು ಕೇಳ್ತೀನಿ." ಅವಳು ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ಮರುಕ್ಷಣ ಆ ಕಣ್ಣು ಒಣಗಿ ಅವನನ್ನೇ ನೆಟ್ಟು ನೋಡಿತು. "ಅವ್ರು ನಿನ್ನ ಹತ್ರ ಮತ್ತೆ ಸದ್ದು ಮಾಡಿಕೊಡು ಅಂತ ಹೇಳಿರ್ತಾರೆ, ನನಗೆ ಗೊತ್ತು. ಆ ಹಾಳು ಗೊರ್ ಅನ್ನೋದು ಈ ಮನೆಯಲ್ಲಿ ಇನ್ನೊಂದು ಸಲ ಕೇಳಿತೋ, ನೋಡ್ಕೋ ಮತ್ತೆ. ಅವರ ಬೆತ್ತ ಎಲ್ಲಿಟ್ಟಿದ್ದೀನಿ ಅಂತ ಗೊತ್ತಿರೋದು ನನಗೊಬ್ಬಳಿಗೇ."

"ಪೂರ್ಣೇಶಾ!" ರೂಮಿನಿಂದ ಹೆಡ್‌ಮಾಸ್ಟರ ಧ್ವನಿ ಗುಡುಗಿತು. "ಶುರು ಮಾಡಿದ್ಯಾ ಇಲ್ವಾ?"

"ಬಂದೆ ಸಾರ್!" ಎಂದು ಪೂರ್ಣೇಶ ಎದ್ದ.

"ಕೂತ್ಕೋ" ಎಂದಳು ವರದಮ್ಮ ತಣ್ಣಗೆ.

ಪೂರ್ಣೇಶ ಕೂತ.

"ಪೂರ್ಣೇಶಾ!"

ಅವನು ಮತ್ತೆ ಎದ್ದ. ಕಾಫಿ ತುಳುಕಿ ಕೈ ಮೇಲೆ ಬಿತ್ತು. ಸುಡುತ್ತಿತ್ತು, ಆದರೆ ಲೋಟವನ್ನು ಯಾವ ಕಡೆ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.